ಗೊತ್ತಿಲ್ಲ ಅಂದವರಿಗೆ ಮೊದಲ ರೊಟ್ಟಿ

ದಹಿಸರ್‌ನ ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಮನೆಗೆ ಹೊಸಬರು ಬಂದಿದ್ದಾರೆ. ಸಂಜೆಯಾದರೆ ಸಾಕು, ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು. ಬದುಕಿಡೀ ಟೀಚರ್ ಆಗಿದ್ದವಳು ನಾನು. ಆದರೂ ಆ ಸದ್ದು ಕೇಳಿದರೆ ಕೈಯಲ್ಲಿದ್ದ ಪುಸ್ತಕ ಮುಚ್ಚಿಬಿಡುತ್ತೇನೆ. ಈಗ ಯಾರೋ 'ಯಾಕ?' ಅನ್ನುತ್ತಾರೆ ಅನಿಸುತ್ತದೆ.

ಎಪ್ಪತ್ತರ ದಶಕದ ಶುರುವಿನಲ್ಲಿ ನಾವಿದ್ದ ಬೈಕುಲ್ಲಾದ ಚಾಳು ಈಗಿಲ್ಲ. ನಮ್ಮದು ಉಡುಪಿ ಕಡೆಯ ಮನೆ, ಪಕ್ಕದ ಖೋಲಿ ವಿಜಾಪುರದ ಗಂಗಕ್ಕನದು. ಹಗಲೆಲ್ಲ ಕಟ್ಟಡದ ಕೆಲಸ ಮಾಡಿ ಬಂದು ಅವಳು ಒಲೆ ಮುಂದೆ ಕೂತರೆ ಚಾಳಿನ ಮಕ್ಕಳೆಲ್ಲ ಅವಳ ಸುತ್ತ. ಅಕ್ಷರ ಬಾರದ ಹೆಂಗಸು, ಆದರೆ ಅವಳು ಓದಿಸಿದ ಹಾಗೆ ಯಾವ ಮೇಷ್ಟ್ರೂ ಓದಿಸಲಿಲ್ಲ. ಪುಸ್ತಕ ಮುಚ್ಚಿಟ್ಟು, ಆ ದಿನದ ಪಾಠವನ್ನು ನಮ್ಮ ಮಾತಿನಲ್ಲೇ ಅವಳಿಗೆ ಹೇಳಬೇಕು. ರೊಟ್ಟಿ ಮಗುಚುವಾಗ ಅವಳು 'ಯಾಕ?' ಅನ್ನುತ್ತಾಳೆ. ಬಾರದಿದ್ದರೆ 'ಗೊತ್ತಿಲ್ಲ' ಅಂದು, ಹೋಗಿ ಓದಿಕೊಂಡು ಬರಬೇಕು. ಹಾಗಂದವರಿಗೇ ಮೊದಲ ಬಿಸಿ ರೊಟ್ಟಿ. "ಗೊತ್ತಿಲ್ಲಂದ್ರ ಮೂಗೇನ್ ಉದುರಿ ಬೀಳತೈತೇನ? ಹಸದವ್ರಿಗೆ ಮೊದಲ ನೀಡಬೇಕವಾ," ಎಂದು ನಗುತ್ತಿದ್ದಳು. ಅವಳ ಮಗಳು ಕಮಲಿಗೆ ನನ್ನದೇ ವಯಸ್ಸು. ತಮ್ಮನನ್ನು ನೋಡಿಕೊಳ್ಳಬೇಕೆಂದು ಶಾಲೆಗೆ ಹೋದವಳಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ನಾವು ಹೇಳುವುದನ್ನು ಕೇಳಿಯೇ ಕಲಿಯುತ್ತಿದ್ದಳು. ಜೂನ್‌ನಲ್ಲಿ ದೊಡ್ಡ ಮೇಷ್ಟ್ರು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿದರೆ ಅವಳಿಗೆ ನೇರ ಐದನೆಯ ಕ್ಲಾಸು ಎಂದು ಮಾತಾಗಿತ್ತು.

ಒಂದು ಸಂಜೆ ನಾನು ಸಮುದ್ರದ ಪಾಠ ಹೇಳಿದೆ, ನೀರು ದಿನಕ್ಕೆರಡು ಸಲ ಏರಿ ಇಳಿಯುವುದನ್ನು. "ಯಾಕ ಏರತೈತಿ?" ಎಂದಳು ಗಂಗಕ್ಕ. ನಾನು ಓದಿದ್ದು ಅರ್ಧ ಪಾಠ. ಆದರೆ ಕ್ಲಾಸಿಗೇ ಮೊದಲು ಬಂದವಳಲ್ಲವೇ, ಜಂಬ! "ದೊಡ್ಡ ದೊಡ್ಡ ಹಡಗು ಬರ್ತದಲ್ಲ ಗಂಗಕ್ಕ, ಅದಕ್ಕೆ," ಅಂದುಬಿಟ್ಟೆ. ಅವಳ ಮುಖ ಅರಳಿತು. ಬಕೆಟಿನ ನೀರಿನಲ್ಲಿ ತಂಬಿಗೆ ಮುಳುಗಿಸಿ, "ನೋಡ ಕಮಲಿ, ಹಿಂಗ ಏರತೈತಿ!" ಎಂದು ತೋರಿಸಿದಳು. ಕಮಲಿ ಕೂಸನ್ನು ಕೆಳಗಿಳಿಸಿ, ತಾನೂ ಮುಳುಗಿಸಿ ನೋಡಿದಳು. ಸುಳ್ಳು ಹೇಳಿದೆ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಜೂನ್‌ನಲ್ಲಿ ಕಮಲಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿಕೊಂಡು ನಮ್ಮ ಐದನೆಯ ಕ್ಲಾಸಿನೊಳಗೆ ಬಂದು ನಿಂತಳು. ಇಷ್ಟವಾದ ಪಾಠ ಹೇಳು ಅಂದರು ದೊಡ್ಡ ಮೇಷ್ಟ್ರು. ಅವಳು ಸಮುದ್ರವನ್ನೇ ಹೇಳಿದಳು. ಹಡಗು, ತಂಬಿಗೆ, ಎಲ್ಲ ಸೇರಿಸಿ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವರ ಜೊತೆ ನಾನೂ ನಕ್ಕೆ, ಪಾಪಿ. ಅವಳನ್ನು ಒಂದನೆಯ ಕ್ಲಾಸಿನ ಪುಟ್ಟ ಮಕ್ಕಳ ನಡುವೆ ಕೂಡಿಸಿದರು. ಮರುದಿನದಿಂದ ಅವಳು ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಕ್ಲಾಸು ನಕ್ಕ ಆ ದಿನ ಸಂಜೆ ಗಂಗಕ್ಕ ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಹಿಟ್ಟು ತಟ್ಟುತ್ತಲೇ ಕೇಳಿದಳು: "ಹಡಗ ಬಂದ್ರ ನೀರು ಏರತೈತಿ ಅಂದಿದ್ದಕ್ಕ ಎಲ್ಲಾರೂ ನಕ್ರಂತಲ್ಲ. ಯಾಕ ಯವ್ವಾ?" ಅಷ್ಟರಲ್ಲಿ ನಾನು ಉಳಿದರ್ಧ ಪಾಠವನ್ನೂ ಓದಿದ್ದೆ, ನೀರನ್ನು ಎಳೆಯುವವನು ಚಂದ್ರ ಎಂದು ಚೆನ್ನಾಗಿ ಗೊತ್ತಿತ್ತು. ಕಮಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಗೊತ್ತಿಲ್ಲ ಗಂಗಕ್ಕ," ಅಂದೆ.

ಗಂಗಕ್ಕ ಹಂಚಿನಿಂದ ಮೊದಲ ರೊಟ್ಟಿ ತೆಗೆದು ನನ್ನ ಕೈಗಿಟ್ಟಳು.