ಗಡಿಯಾರದವರ ಕಣ್ಣುಗಾಜು

ಸಿಂದಗಿಯ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ, ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು. ಏನು ಕೇಳಿದರೂ ತಲೆ ಎತ್ತದೆ, "ಕುಂಡ್ರಿ, ಕೂಡಸೂಣಂತ" ಎನ್ನುತ್ತಿದ್ದರು.

ನಾನು ಕಟ್ಟಿದ ದುರ್ಬೀನಿನ ಕೊಳವೆಗೆ, ಗುಜರಿಯಲ್ಲಿ ಸಿಕ್ಕ ಕಣ್ಣುಮಸೂರ ಸಡಿಲವಾಗಿತ್ತು. ಅವರು ಕೆಟ್ಟ ಅಲಾರಂ ಗಡಿಯಾರದ ಹಿತ್ತಾಳೆ ಕತ್ತರಿಸಿ, ಬಳೆಯಂತೆ ಬಾಗಿಸಿ, ಅದನ್ನು ಬಿಗಿಯಾಗಿ ಕೂಡಿಸಿಕೊಟ್ಟರು.

ಊರಿಗೆಲ್ಲ ಶುಕ್ರನನ್ನು ತೋರಿಸಬೇಕಿದ್ದ ಸಂಜೆಯೇ ಆ ಮಸೂರ ನನ್ನ ಕೈಜಾರಿ ಒಡೆಯಿತು. ಯಂಕಂಚಿಯಿಂದಲೂ ಜನ ಬಂಡಿ ಕಟ್ಟಿಕೊಂಡು ಬಂದಿದ್ದರು. ಖಾಲಿ ಬಳೆ ಹಿಡಿದುಕೊಂಡು ಅಂಗಡಿಗೆ ಓಡಿದೆ.

"ಕುಂಡ್ರಿ, ಕೂಡಸೂಣಂತ" ಎಂದವರೇ, ತಮ್ಮ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜನ್ನು ತೆಗೆದು ಆ ಬಳೆಯೊಳಗೆ ಅದುಮಿದರು.

"ಇದಿಲ್ಲದ ನಿಮ್ಮ ಕೆಲಸ ಹೆಂಗ್ರಿ?"

"ಬ್ಯಾರೇದು ಸೊಲ್ಲಾಪುರದಿಂದ ಬರ್ತೈತ್ರಿ. ಶುಕ್ರ ಮುಳಗ್ತಾನ, ನಡೀರಿ ಅಕ್ಕೋರ."

ಎಲ್ಲರೂ ನೋಡಿದ ಮೇಲೆ ಅವರು ದುರ್ಬೀನಿಗೆ ಬಗ್ಗಿದರು. ಎಳೆಯ ಚಂದ್ರನಂತೆ ಬಾಗಿದ ಶುಕ್ರನನ್ನು ಬಹಳ ಹೊತ್ತು ನೋಡಿದರು.

ಹೊಸ ಗಾಜು ಬರಲು ಎಂಟು ದಿನ ಹಿಡಿಯಿತು. ಅವರು ಅಂಗಡಿ ಮುಚ್ಚಲಿಲ್ಲ. ಗಡಿಯಾರ ಕೇಳಲು ಬಂದವರನ್ನೆಲ್ಲ ಕೂರಿಸಿ, ಚಹಾ ತರಿಸಿ, ಶುಕ್ರ ಹೇಗಿದ್ದಾನೆಂದು ಹೇಳಿ ಕಳಿಸಿದರಂತೆ.