ಬಾಯಿ ಮುಚ್ಚಿದರೆ ಏರುವ ಬಿಪಿ

ಅಮೆರಿಕದ ಟಕ್ವಿಲಾ ಅನ್ನೋ ಊರಿನ ಹತ್ತಿರ ಇಲ್ಲಿನ ಮೂಲನಿವಾಸಿಗಳದೇ ಒಂದು ಕ್ಲಿನಿಕ್ಕಿದೆ. ಅಲ್ಲಿಗೆ ನಮ್ಮ ಕಂಪನಿಯ ಬಿಪಿ ಮಷೀನ್ ಕೂರಿಸೋಕೆ ಹೋಗಿದ್ದೆ. 'ಮೊದಲು ಐದು ನಿಮಿಷ ಮಾತಾಡದೆ ಕೂತಿರಿ' ಅಂತ ಅದರ ಸ್ಕ್ರೀನಿಗೆ ಬರೆದುಕೊಟ್ಟವನೂ ನಾನೇ.

ಹಾಗೆ ಕೂತ ಮೊದಲನೇ ಅಜ್ಜಿಯ ಬಿಪಿ ಗಗನಕ್ಕೇರಿತು. ನಾನು ಗಾಬರಿಯಾಗಿ ವೈರು ತಡಕಾಡ್ತಿದ್ದರೆ ಅಜ್ಜಿ, "ಮಷೀನ್ ಸರಿಯಾಗೇ ಇದೆ ಕಣಪ್ಪ," ಅಂದರು. "ಆರನೇ ವಯಸ್ಸಿಗೆ ಸರ್ಕಾರದವರು ನನ್ನನ್ನ ಮನೆಯಿಂದ ಎಳ್ಕೊಂಡು ಹೋಗಿ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ರು. ನಮ್ಮ ಭಾಷೆ ಮಾತಾಡಿದ್ರೆ ಏಟು. ಬಾಯಿ ಮುಚ್ಚಿ ಕೂರು ಅಂದ್ರೆ ಇವತ್ತಿಗೂ ಎದೆ ಡವಡವ ಅನ್ನುತ್ತೆ."

ಅಜ್ಜಿ ಹೊರಗಿದ್ದ ಇಬ್ಬರು ತಂಗಿಯರನ್ನ ಕೂಗಿದರು. ಮೂವರೂ ನನ್ನನ್ನೇ ನೋಡ್ಕೊಂಡು ತಮ್ಮ ಭಾಷೆಯಲ್ಲಿ ಏನೇನೋ ಹೇಳಿ ಬಿದ್ದು ಬಿದ್ದು ನಕ್ಕರು. ಒಂದಕ್ಷರ ಅರ್ಥವಾಗದೆ ನಾನೂ ಹೊಟ್ಟೆ ಹಿಡ್ಕೊಂಡು ನಕ್ಕೆ. ಆಮೇಲೆ ಅಜ್ಜಿಗೆ ಮತ್ತೆ ಬಿಪಿ ನೋಡಿದೆ; ತೋಳಿನ ಪಟ್ಟಿ ಉಬ್ಬೋ ಆ ಒಂದು ನಿಮಿಷ ಮಾತ್ರ ಎಲ್ಲರೂ ಗಪ್‌ಚುಪ್. ಬಿಪಿ ಇಳಿದಿತ್ತು!

"ಈಗ ನೀನು ಕೂತ್ಕೋ," ಅಂದರು ಅಜ್ಜಿ. ನಾನು ಬರೆದ ನಿಯಮದಂತೆ ಶಿಸ್ತಾಗಿ, ಮಾತಿಲ್ಲದೆ ಕೂತೆ. ನನ್ನದು ಅಜ್ಜಿಯದಕ್ಕಿಂತ ಜಾಸ್ತಿ ಬಂತು.

"ಅಯ್ಯೋ ಪಾಪ, ನಿನ್ನ ಜೊತೆ ಹರಟೋಕೆ ಅತ್ತೆ, ಚಿಕ್ಕಮ್ಮ ಯಾರೂ ಇಲ್ವಾ?"

ಹದಿನೇಳು ಜನ ಇದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ ಮ್ಯೂಟ್ ಮಾಡಿದೀನಿ.