ಬೇವು ಕಟ್ಟಿದ ಬಾಗಿಲುಗಳ ಲೆಕ್ಕದ ಮಾರೆವ್ವ

ಮೂಡಲು ಇನ್ನೂ ಕೆಂಪಾಗಿಲ್ಲ. ಯಲಬುರ್ಗಾ ತಾಲ್ಲೂಕಿನ ಎರೆಹೊಲಗಳ ನಡುವಿನ ಒಂದು ಹಳ್ಳಿಯ ಅಗಸಿಯೊಳಗೆ ಮಾರೆವ್ವ ಕಾಲಿಡುತ್ತಾಳೆ. ಈ ಹೊತ್ತಿಗೆ ಬೀಸುವ ಕಲ್ಲಿನ ಸದ್ದು ಕೇಳಬೇಕು, ಕೇಳುತ್ತಿಲ್ಲ. ಕೊಡ ಹೊತ್ತ ಹೆಂಗಸರು ಎದುರಾಗಬೇಕು, ಒಬ್ಬರೂ ಇಲ್ಲ. ಕಟ್ಟೆಯ ಮೇಲಿನ ನಾಯಿಗಳು ಎದ್ದು ಕುಳಿತು ಅವಳನ್ನೇ ನೋಡುತ್ತವೆ, ಬೊಗಳುವುದಿಲ್ಲ. ಓಣಿಯ ಎರಡೂ ಕಡೆ ಬಾಗಿಲುಗಳು ಮುಚ್ಚಿವೆ. ಒಂದು ಬಿಟ್ಟು ಒಂದು ಬಾಗಿಲಿಗೆ ಬೇವಿನ ತೊಪ್ಪಲು ತೂಗುತ್ತಿದೆ. ಮುರಿದ ಕಡ್ಡಿಯ ತುದಿಯ ಪಸೆ ಇನ್ನೂ ಆರಿಲ್ಲ.

ಬೇವು ಕಟ್ಟಿದ್ದಾರೆಂದರೆ ಒಳಗೆ ಅಮ್ಮ ಬಂದಿದ್ದಾಳೆ, ಯಾರಿಗೋ ಸಿಡುಬು ಎದ್ದಿದೆ ಎಂದು ಅರ್ಥ. ಹೊರಗಿನವರು ಆ ಹೊಸ್ತಿಲು ತುಳಿಯುವಂತಿಲ್ಲ, ಸರಕಾರದ ಮನುಷ್ಯನಾದರೂ ಅಷ್ಟೇ. ಆದರೆ ಒಂದೇ ರಾತ್ರಿಯಲ್ಲಿ ಇಷ್ಟು ಮನೆಗೆ ಅಮ್ಮ ಬರುವುದುಂಟೆ? ಉಂಟು ಅನ್ನುವುದಾದರೆ ಊರು ಉಳಿಯುವುದಿಲ್ಲ. ಇಲ್ಲ ಅನ್ನುವುದಾದರೆ ಊರಿಗೂರೇ ಸುಳ್ಳು ಹೇಳುತ್ತಿದೆ. ಎರಡರಲ್ಲಿ ಯಾವುದು ಎಂದು ಬಾಗಿಲಾಚೆ ನಿಂತು ತಿಳಿದುಕೊಳ್ಳುವುದೇ ಮಾರೆವ್ವನ ಕೆಲಸ.

ಮಾರೆವ್ವ ಕುಷ್ಟಗಿಯವಳು. ವಯಸ್ಸು ಐವತ್ತರ ಆಸುಪಾಸು. ಸಿಡುಬು ಬಾರದ ಹಾಗೆ ಮಕ್ಕಳ ತೋಳಿಗೆ ಮದ್ದು ಚುಚ್ಚುವುದಕ್ಕೆ ಈ ಸೀಮೆಯಲ್ಲಿ ದೇವಿ ಹಾಕುವುದು ಎನ್ನುತ್ತಾರೆ. ಅದಕ್ಕೆಂದು ಸರಕಾರ ನೇಮಿಸಿದ ಶಫೀಸಾಬರು ಪೆಟ್ಟಿಗೆ ಹಿಡಿದು ಹಿಂದೆ ಬರುತ್ತಾರೆ, ಮಾರೆವ್ವ ಮುಂದೆ ನಡೆಯುತ್ತಾಳೆ. ಗಂಡಸಿನ ದನಿಗೆ ತೆರೆಯದ ಬಾಗಿಲನ್ನು ಅವಳು ತೆರೆಸಬೇಕು. ತೆರೆಯದಿದ್ದರೆ ಆ ಮನೆಯನ್ನು ಒಲ್ಲದವರ ಲೆಕ್ಕಕ್ಕೆ ಹಾಕಬೇಕು. ಓದುಬರಹ ಬಾರದು. ಒಲ್ಲದ ಮನೆಗೊಂದರಂತೆ ಹುಣಸೆಬೀಜವನ್ನು ಸೊಂಟದ ಚಂಚಿಗೆ ಹಾಕಿಕೊಳ್ಳುತ್ತಾಳೆ. ಸಂಜೆ ಚಾವಡಿಯಲ್ಲಿ ಶಫೀಸಾಬರು ಬೀಜ ಸುರುವಿ ಎಣಿಸಿ, ಒಲ್ಲೆ ಎನ್ನುವುದಕ್ಕೆ ಉರ್ದುವಿನಲ್ಲಿ ‘ಇನ್ಕಾರ’ ಎಂದು ಬರೆದು ಎದುರಿಗೆ ಅಂಕಿ ಹಾಕುತ್ತಾರೆ. ಮೇಲಿನ ಕಚೇರಿಗಳಲ್ಲಿ ಆ ಅಂಕಿಗಳನ್ನು ಕೂಡಿಸಿ ತಲೆ ಕೆರೆದುಕೊಳ್ಳುವ ಮಹಾನುಭಾವರಿಗೆ ಮಾರೆವ್ವ ಎಂಬ ಜೀವವೊಂದು ಇದೆಯೆಂದೇ ಗೊತ್ತಿಲ್ಲ.

ಹೆಸರಿನದೇ ಒಂದು ಫಜೀತಿ. ಮೇಲಿನ ಮಕ್ಕಳು ಉಳಿಯಲಿಲ್ಲವೆಂದು ಹೆತ್ತವರು ಇವಳಿಗೆ ಸಿಡುಬು ತರುವ ಆ ದೇವಿಯ ಹೆಸರನ್ನೇ ಇಟ್ಟರು. ದೇವಿ ಅಷ್ಟಕ್ಕೇ ಬಿಡಲಿಲ್ಲ, ಮುಖದ ತುಂಬ ಕಲೆ ಉಳಿಸಿ, ಎಡಗಣ್ಣನ್ನು ಒಯ್ದಳು. ಮುಂದೆ ಇವಳು ಹೆತ್ತ ಇಬ್ಬರು ಗಂಡುಮಕ್ಕಳನ್ನೂ ಒಯ್ದಳು. ಇಂಥವಳು ನಸುಕಿನಲ್ಲಿ ಬಾಗಿಲು ತಟ್ಟಿ ‘ನಾನು ಮಾರೆವ್ವ’ ಎಂದರೆ ಯಾರ ಎದೆ ಧಸಕ್ಕೆನ್ನದು?

“ಮೊದಲನೇ ವರ್ಷ ಹಂಗ ಅಂದಿದ್ದೆನ್ರಿ. ಒಳಗಿನಾಕಿ ಚಿಟ್ಟನ ಚೀರಿ ಬಿದ್ಲು,” ಎಂದು ಮಾರೆವ್ವ ನಗುತ್ತಾಳೆ. “ಈಗ ಹೆಸರ ಹೇಳಂಗಿಲ್ಲ. ಕುಷ್ಟಗಿಯಾಕಿ ಬಂದೀನವಾ ಅಂತೀನಿ. ಬೆಳಕಿದ್ರ ಮುಖಾ ನೋಡಿ ಅಂಜತಾರ, ಕತ್ತಲಿದ್ರ ದನಿ ಕೇಳಿ ಅಂಜತಾರ. ನಾ ಏನ್ ಮಾಡ್ಲಿ ಹೇಳ್ರಿ?”

ಊರೂರಿಗೆ ಲೆಕ್ಕ ಬೇರೆ. ಗಂಗಾವತಿಯ ಕಡೆ, ಹನುಮನಹಳ್ಳಿಯ ಹೊಳೆದಂಡೆಯ ಊರುಗಳಲ್ಲಿ ಹತ್ತು ಮನೆಗೆ ಒಂದೋ ಎರಡೋ ಒಲ್ಲೆ ಅನ್ನುತ್ತವೆ. ಕುಷ್ಟಗಿಯ ಸುತ್ತ ಮೂರು ನಾಲ್ಕು. ಯಲಬುರ್ಗಾದ ಈ ಮೂಲೆಯಲ್ಲಿ ಈ ವರ್ಷ ಅರ್ಧಕ್ಕರ್ಧ. ಕಚೇರಿಗೆ ಎಲ್ಲವೂ ಒಂದೇ ಇನ್ಕಾರ. ಮಾರೆವ್ವನ ಕಣ್ಣಿಗೆ ಮಾತ್ರ ಒಂದೊಂದು ಬೀಜವೂ ಒಂದೊಂದು ಮುಖ. ದೂರದ ದೇಶಗಳ ಲಡಾಯಿ ಸುರುವಾದ ಮೇಲೆ, ತೋಳಿನ ಗುರುತು ನೋಡಿ ಹುಡುಗರನ್ನು ದಂಡಿಗೆ ಒಯ್ಯುತ್ತಾರೆಂದು ಹೆದರಿದವರಿದ್ದಾರೆ. ಅಮ್ಮನಿಗೆ ಅಡ್ಡ ಹೋದರೆ ಅವಳು ಮುನಿಯುತ್ತಾಳೆ ಎನ್ನುವವರಿದ್ದಾರೆ. ಕೆಲವರು ಬಾಗಿಲು ಜಗ್ಗಿಕೊಂಡು ಹೊಲಕ್ಕೆ ಹೋಗಿಬಿಡುತ್ತಾರೆ. ಇನ್ನು ಕೆಲವರು ಮಕ್ಕಳನ್ನು ಹಗೇವಿಗೆ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜಕ್ಕೆ, ಇಳಿಸಿ ಮೇಲೆ ಕಲ್ಲು ಮುಚ್ಚುತ್ತಾರೆ. ಒಮ್ಮೊಮ್ಮೆ ಓಣಿಯಲ್ಲಿ ನಡೆಯುವಾಗ ಕಾಲಕೆಳಗೆ ಯಾರೋ ಪಿಸುಗುಟ್ಟಿದಂತಾಗುತ್ತದೆ. ಶಫೀಸಾಬರು ಅಂಥ ಕಡೆ ದಾಪುಗಾಲು ಹಾಕುತ್ತಾರೆ.

ಈ ಹಳ್ಳಿಯ ಭಯಕ್ಕೆ ಬೇರೆಯೇ ಕಾರಣವಿದೆ. ಹೋದ ವರ್ಷ ಇಲ್ಲಿ ದೇವಿ ಹಾಕಿಸಿಕೊಂಡ ಕೂಸೊಂದು ವಾರದೊಳಗೆ ಜ್ವರ ಬಂದು ತೀರಿಕೊಂಡಿತು. ಮದ್ದಿನಿಂದಲೋ, ಬೇರೆ ಯಾವುದರಿಂದಲೋ, ಹೇಳಬಲ್ಲವರಿಲ್ಲ. ಆ ಬಾಗಿಲು ತೆರೆಸಿದವಳು ಮಾರೆವ್ವ. ತಾಯಿಯ ಮಡಿಲಿನಿಂದ ಕೂಸನ್ನು ಎತ್ತಿ ಶಫೀಸಾಬರ ಮುಂದೆ ಹಿಡಿದವಳೂ ಅವಳೇ. ಈ ವರ್ಷದ ಬೇವೆಲ್ಲ ಆ ಕೂಸಿನ ಹೆಸರಿನಲ್ಲಿ ಕಟ್ಟಿದ್ದು.

ಓಣಿಯ ಕೊನೆಯ ಮನೆಗೂ ಬೇವು ಕಟ್ಟಿದೆ. ಅದು ಮಾರೆವ್ವನ ಮಗಳು ಪಕ್ಕೀರವ್ವನ ಮನೆ. ಒಳಗೆ ವರ್ಷ ತುಂಬದ ಮೊಮ್ಮಗಳಿದ್ದಾಳೆ. ಹಳ್ಳದಾಚೆಯ ಊರಿನಲ್ಲಿ ಅಮ್ಮ ನಿಜವಾಗಿಯೇ ಬಂದಿದ್ದಾಳೆ, ಅಲ್ಲಿಂದ ಮಣ್ಣಿಗೆ ಹೋದ ಕೂಸುಗಳ ಸುದ್ದಿ ದಿನಾ ಬರುತ್ತಿದೆ. ಇವತ್ತು ಈ ಮೊಮ್ಮಗಳ ತೋಳಿಗೆ ದೇವಿ ಹಾಕಿಸಿಯೇ ಹಿಂದಿರುಗಬೇಕೆಂದು ಮಾರೆವ್ವ ಕುಷ್ಟಗಿಯಿಂದ ಹೊರಟಿದ್ದಾಳೆ. ಬಾಗಿಲ ಮುಂದೆ ನಿಂತವಳು ಮೊದಲು ಮೂಗು ಅರಳಿಸುತ್ತಾಳೆ. ಅಮ್ಮ ಇರುವ ಮನೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ, ಸಾಸಿವೆ ಸಿಡಿಸುವುದಿಲ್ಲ. ಇಲ್ಲಿ ಒಗ್ಗರಣೆ ಘಮ್ಮೆನ್ನುತ್ತಿದೆ. ಅವಳ ಜೀವಕ್ಕೆ ತುಸು ಸಮಾಧಾನ, ಅದರ ಬೆನ್ನಿಗೇ ಸಿಟ್ಟು.

“ಪಕ್ಕೀರೀ, ನಾನಬೇ, ನಿಮ್ಮವ್ವ. ಬಾಗಲಾ ತಗಿ.”

ಉತ್ತರ ಕೊಡುವುದು ಮಗಳಲ್ಲ, ಬೀಗತಿ ಮುದಕಮ್ಮ. “ಅಮ್ಮ ಬಂದಾಳ್ರಿ ಬೀಗತೀ. ಹೊಳ್ಳಿ ಹೋಗ್ರಿ.”

“ಅಮ್ಮ ಬಂದ ಮನಿಯಾಗ ಬಳ್ಳೊಳ್ಳಿ ಒಗ್ಗರಣಿ ಹಾಕ್ತಾರೇನ್ರಿ?”

ಅಷ್ಟರಲ್ಲಿ ಕೂಸಿನ ಅಳು ಕೇಳಿಸುತ್ತದೆ. ಬಾಗಿಲಿನ ಕಡೆಯಿಂದಲ್ಲ, ಮಾರೆವ್ವನ ಅಂಗಾಲ ಕೆಳಗಿನಿಂದ. ಮನೆಯೊಳಗಿನ ಹಗೇವಿನ ಹೊಟ್ಟೆ ಗೋಡೆ ದಾಟಿ ಓಣಿಯ ಕೆಳಗೂ ಹಬ್ಬಿದೆ. ಅಳು ಒಮ್ಮೆ ಏರುತ್ತದೆ, ಆಮೇಲೆ ಸಣ್ಣಗಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಮಾರೆವ್ವ ಅಲ್ಲೇ ಕುಕ್ಕರಿಸಿ ನೆಲಕ್ಕೆ ಕಿವಿ ಹಚ್ಚುತ್ತಾಳೆ. ಮಣ್ಣು ತಣ್ಣಗಿದೆ, ಒಳಗೆ ಏನೂ ಇಲ್ಲ.

“ಪಕ್ಕೀರೀ! ಕೂಸು ಅಳೂದು ಬಿಟ್ಟೈತಿ! ಹಗೇವಿನ ಗಾಳಿ ಕೆಟ್ಟಿರ್ತೈತಬೇ!”

ಚಿಲಕ ತೆಗೆದದ್ದು ಪಕ್ಕೀರವ್ವನೇ. ಅವಳ ಮುಖದಲ್ಲಿ ರಕ್ತವಿಲ್ಲ. “ತೊಪ್ಪಲಾ ದಾಟಬ್ಯಾಡ್ರಿ!” ಎಂದು ಮುದಕಮ್ಮ ಅಡ್ಡ ಬರುತ್ತಾಳೆ. ಮಾರೆವ್ವ ದಾಟುತ್ತಾಳೆ. ತಾಯಿ ಮಗಳು ಸೇರಿ ಕಲ್ಲು ಸರಿಸುತ್ತಾರೆ. ಬುಡ್ಡಿದೀಪ ಹಿಡಿದು ಮಾರೆವ್ವ ಹಗೇವಿನ ಬಾಯೊಳಗೆ ಕೈ ಇಳಿಸಿದರೆ ದೀಪ ತಣ್ಣಗೆ ಆರಿಹೋಗುತ್ತದೆ. ಊದಿದವರಿಲ್ಲ, ಗಾಳಿ ಬೀಸಿಲ್ಲ. ಕೂಸನ್ನು ಇಳಿಸಿದ ಬುಟ್ಟಿಗೆ ಹಗ್ಗ ಇನ್ನೂ ಕಟ್ಟಿಯೇ ಇದೆ. ಅದೊಂದು ಪುಣ್ಯ. ಕತ್ತಲೊಳಗಿಂದ ಬುಟ್ಟಿ ಮೇಲಕ್ಕೆ ಬರುತ್ತದೆ. ಕೂಸು ಅದರಲ್ಲಿ ಕಣ್ಣು ಅರೆತೆರೆದು ಮಲಗಿದೆ, ತುಟಿ ನೀಲಿ.

ಮಾರೆವ್ವ ಅದನ್ನು ಬಯಲಿಗೆ ಎತ್ತಿಕೊಂಡು ಬಂದು ಬೆನ್ನು ತಿಕ್ಕುತ್ತಾಳೆ, ಅಂಗಾಲಿಗೆ ಹೊಡೆಯುತ್ತಾಳೆ, ಬಾಯಿಗೆ ಬಾಯಿಟ್ಟು ಊದುತ್ತಾಳೆ. ಓಣಿಯ ಬಾಗಿಲುಗಳೆಲ್ಲ ಒಂದು ಬೆರಳಿನಷ್ಟು ತೆರೆದಿವೆ. ಸಂದುಗಳಲ್ಲಿ ಕಣ್ಣುಗಳಿವೆ, ಯಾರೂ ಹೊರಗೆ ಬರುವುದಿಲ್ಲ. ಕೊನೆಗೂ ಕೂಸು ಬಿಕ್ಕುತ್ತದೆ, ಕೆಮ್ಮುತ್ತದೆ, ಗಂಟಲು ಹರಿಯುವ ಹಾಗೆ ಅಳುತ್ತದೆ. ಆ ಬೆಳಗಿನ ಊರಿನಲ್ಲಿ ಜೀವವಿರುವ ಸದ್ದು ಅದೊಂದೇ.

ಶಫೀಸಾಬರು ಪೆಟ್ಟಿಗೆ ತೆರೆದೇ ನಿಂತಿದ್ದಾರೆ. ಹಲ್ಲಿರುವ ಪುಟ್ಟ ಬಿಲ್ಲೆಯನ್ನು ತೋಳಿಗೊತ್ತಿ ತಿರುವಿದರೆ ಮುಗಿಯಿತು, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿನ ಕೆಲಸ. ಕೂಸು ಮಾರೆವ್ವನ ಕೈಯಲ್ಲೇ ಇದೆ. “ಅವ್ವಾ, ಈಗರ ಹಾಕಿಬಿಡೋಣೇನು?” ಎಂದು ಅವರು ಮೆಲ್ಲಗೆ ಕೇಳುತ್ತಾರೆ.

ಮಾರೆವ್ವ ಮಗಳ ಮುಖ ನೋಡುತ್ತಾಳೆ. “ಹಾಕಸ್ಲೇನಬೇ? ಹಳ್ಳದ ಆಚಿಗೆ ಬಂದಾಳ ಆಕಿ. ಇವತ್ತ ಹಾಕಸಿದ್ರ ಕೂಸು ಉಳೀತೈತಿ.”

“ಒಲ್ಲೆ.” ಪಕ್ಕೀರವ್ವ ಕೂಸನ್ನು ಕಸಿದುಕೊಂಡು ಎದೆಗೆ ಅವಚಿಕೊಳ್ಳುತ್ತಾಳೆ. “ಹೋದ ವರ್ಷ ಆ ಕೂಸನ್ನೂ ಹಿಂಗ ಎತ್ತಿ ಹಿಡಿದಿದ್ದಿ ಯವ್ವಾ ನೀನು. ಹಿಂಗ ಅಂದಿದ್ದಿ, ಉಳೀತೈತಿ ಅಂತ.”

ಹೊಸ್ತಿಲಲ್ಲಿ ನಿಂತ ಮುದಕಮ್ಮ ಬಾಗಿಲ ಬೇವಿನತ್ತ ಕೈ ತೋರಿಸುತ್ತಾಳೆ. “ತೊಪ್ಪಲಾ ದಾಟಿ ಬಂದ್ರಿ ಬೀಗತೀ. ಇನ್ನ ಅಮ್ಮ ಕರೀಲಾರದ ಬರ್ತಾಳ.”

ಮಾರೆವ್ವ ಒಂದು ಬೀಜ ತೆಗೆದು ಚಂಚಿಗೆ ಹಾಕುತ್ತಾಳೆ. ಅವಳ ಬೆನ್ನ ಹಿಂದೆ ಚಿಲಕ ಬೀಳುತ್ತದೆ.

ಆ ಸಂಜೆ ಶಫೀಸಾಬರು ಬರೆದ ಅಂಕಿ ನಲವತ್ತು ದಾಟಿದೆ. ಹೋದ ವರ್ಷ ಇದೇ ಊರಿನಲ್ಲಿ ಅದು ಹನ್ನೆರಡಿತ್ತು. ಊರಿನ ಹೆಸರು ಮಾತ್ರ ಬರೆಯಬೇಡಿರೆಂದು ಮಾರೆವ್ವ ಕೈಮುಗಿದು ಕೇಳಿದ್ದಾಳೆ, ಆದ್ದರಿಂದ ಈ ಲೇಖನದಲ್ಲಿ ಅದನ್ನು ಬರೆದಿಲ್ಲ. ಕೂಸು ಕೈಯಲ್ಲೇ ಇತ್ತಲ್ಲ, ಹಾಕಿಸಿಬಿಡಬಹುದಿತ್ತಲ್ಲ ಎಂದು ಕೇಳಿದರೆ ಅವಳು ಚಂಚಿಯ ಬಾಯಿ ಬಿಗಿಯುತ್ತಾಳೆ.

“ನನ್ನ ಕೈ ಅದಕ್ಕ ಭಾಳ ತುಡೀತರಿ. ಆದ್ರ ಬಾಯಿಬಿಟ್ಟು ಒಲ್ಲೆ ಅಂದಾಕಿನ ಕೂಸಿಗೆ ಜುಲುಮಿಲೆ ಹಾಕಸಿದ್ರ, ನಾಳೆ ಆ ಊರ ಕೂಸೆಲ್ಲಾ ಹಗೇವಿಗೆ ಇಳೀತಾವು. ಎಲ್ಲಾ ಬುಟ್ಟಿಗೆ ಹಗ್ಗಾ ಇರ್ತೈತೇನ್ರಿ? ಸಂದಿಯಾಗಿಂದ ಎಲ್ಲಾರೂ ನೋಡಾಕತ್ತಿದ್ರು. ಕೇಳಿದ್ಲು, ಒಲ್ಲೆ ಅಂದಮ್ಯಾಲೆ ಬಿಟ್ಲು ಅಂತ ನಾಕ ಮಂದಿ ಮಾತಾಡಿದ್ರ, ಮುಂದಿನ ಸಲ ಒಂದೆರಡು ಬಾಗಲಾದ್ರೂ ತೆರೀತಾವು.”

ನಾಳೆ ತಾವರಗೇರಿಯ ದಾರಿ, ಆಮೇಲೆ ಕೊಪ್ಪಳದ ಕಡೆಯ ಹಳ್ಳಿಗಳು. ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಯಲಬುರ್ಗಾದ ಅದೇ ಓಣಿ. ಅಷ್ಟರೊಳಗೆ ಹಳ್ಳದ ಆಚೆಯದು ಈಚೆಗೆ ಬರುವುದೋ ಇಲ್ಲವೋ, ಯಾವ ಕಚೇರಿಯೂ ಹೇಳಲಾರದು. ಸರಕಾರದಿಂದ ಏನಾದರೂ ಬೇಕೇನವ್ವ ಎಂದರೆ ತಲೆಯಾಡಿಸುತ್ತಾಳೆ. ದೇವರಲ್ಲಿ ಏನು ಕೇಳಿಕೊಳ್ಳುತ್ತೀ ಎಂದರೆ ಮಾತ್ರ ಇದ್ದೊಂದು ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾಳೆ.

“ಉಳದ ಊರಾಗೆಲ್ಲಾ ಮಂದಿ ನನಗ ಖರೇ ಹೇಳ್ಲಿ ಅಂತ ಬೇಡ್ಕೋತೀನ್ರಿ. ನನ್ನ ಮಗಳ ಮನಿಯಾಗ ಮಾತ್ರ, ನಾ ಹೋಗಿ ಬಾಗಲಾ ಬಡದಾಗ, ಒಳಗ ಒಗ್ಗರಣಿ ಹಾಕ್ಕೋತ, ಅಮ್ಮ ಬಂದಾಳ ಅಂತ ನನಗ ಮತ್ತ ಸುಳ್ಳ ಹೇಳ್ಲಿ.”